ಬರಿಹೊಟ್ಟೆಯ ಗುಳಿಗೆ

"ಆ ಚೊಂಬು ಮುಟ್ಬ್ಯಾಡ ಕಣೇ! ನಮ್ಮಣ್ಣಂಗೆ ಬರೀ ಒಟ್ಟೆಗೆ ಗುಳಿಗೆ ನುಂಗ್ಸಿ ಕೊಂದ ಕೈ ಅದು. ಅದೇ ಕೈಲಿ ಆಲು ಬ್ಯಾರೆ ಬುಟ್ಟೀಯಾ?"

ಪುಟ್ಟಗೌರಮ್ಮನ ಕೂಗಿಗೆ ಹೊಂಗೆಮರದ ಕಾಗೆಗಳು ಒಟ್ಟಿಗೆ ಎದ್ದು ಹಾರಿದವು. ಮೂರನೇ ದಿನದ ಹಾಲುತುಪ್ಪಕ್ಕೆ ಸಮಾಧಿಯ ಹಸಿಮಣ್ಣಿನ ಗುಡ್ಡೆಯ ಮೇಲೆ ಬಾಳೆಲೆ ಹಾಸಿತ್ತು. ಎಡೆಯ ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.

ಚೊಂಬು ಹಿಡಿದಿದ್ದ ರೂಪ ಅಲ್ಲೇ ನಿಂತಳು. ಸತ್ತವನ ಸೊಸೆ ಅವಳು. ಅವಳ ಪರವಾಗಿ ಒಂದು ಮಾತಾಡಲು ರಾಮಾಪುರದ ತವರಿನಿಂದ ಯಾರೂ ಬಂದಿರಲಿಲ್ಲ.

ಗಂಡ ಪ್ರಭುಸ್ವಾಮಿ ಒದ್ದೆ ಪಂಚೆಯಲ್ಲಿ ಮುಂದೆ ಬಂದ. ಸೋದರತ್ತೆಗೂ ಏನೂ ಹೇಳಲಿಲ್ಲ, ಹೆಂಡತಿಗೂ ಏನೂ ಹೇಳಲಿಲ್ಲ. ರೂಪಳ ಕೈಯಿಂದ ಚೊಂಬು ತೆಗೆದುಕೊಂಡು ತಾನೇ ಹಾಲು ಬಿಟ್ಟ. ಹಾಲು ಮಣ್ಣಿಗೆ ಇಳಿಯಿತು. ಮಣ್ಣಿಗೇನು, ಯಾರ ಕೈಯಿಂದ ಬಂದರೂ ಕುಡಿಯುತ್ತದೆ. ಕೈ ನೋಡುವವರು ಬದುಕಿರುವವರು.

ಸಬ್ ಇನ್ಸ್‌ಪೆಕ್ಟರ್ ಚೈತ್ರ ದೂರದಲ್ಲಿ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತಿದ್ದಳು. ಬಿಳಿಗಿರಿ ಕಾಡಿನ ಪೋಡಿನಲ್ಲಿ, ಬುಡಕಟ್ಟಿನ ಹಾಡಿಯಲ್ಲಿ, ಹುಟ್ಟಿ ಬೆಳೆದವಳು. ಯಾರದೇ ಸಮಾಧಿಯ ಹತ್ತಿರ ಚಪ್ಪಲಿ ಮೆಟ್ಟಿ ನಿಲ್ಲುವುದು ಅವಳಿಗೆ ಆಗದು. ಅವಳು ನೋಡುತ್ತಿದ್ದದ್ದು ಹಾಲು ತಡೆದವಳನ್ನಲ್ಲ, ಮಾತಿಲ್ಲದೆ ಚೊಂಬು ಕಿತ್ತುಕೊಂಡವನನ್ನು.

ಅಗರದ ಆಲೆಮನೆ ಯಜಮಾನ ಚಿಕ್ಕಸಿದ್ದಯ್ಯ ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಮಂಚದ ಮೇಲೆ ಸತ್ತು ಸಿಕ್ಕಿದ್ದು ಸೋಮವಾರ ಬೆಳಿಗ್ಗೆ. ಅಂದಿನಿಂದ ಊರಿನ ಬಾಯಲ್ಲಿ ಒಂದೇ ಮಾತು. ಸೊಸೆ ಕೊಬ್ಬು ಕರಗಿಸುವ ಗುಳಿಗೆಯನ್ನು ಬರಿಹೊಟ್ಟೆಗೆ ಕೊಟ್ಟು ಕೊಂದಳು.

"ಮೇಡಂ." ಹೆಡ್ ಕಾನ್‌ಸ್ಟೇಬಲ್ ಮಾದಣ್ಣ ಮೆಲ್ಲಗೆ ಹತ್ತಿರ ಬಂದ. "ಸರ್ಕಲ್ ಸಾಹೇಬ್ರು ತಿರ‍್ಗ ಫೋನ್ ಮಾಡಿದ್ರು. ಸಾಯಂಕಾಲದೊಳ್ಗೆ ಆ ಎಣ್ಣುಮಗಳನ್ನ ಕರ್ಕಂಡು ಬನ್ನಿ ಅಂದ್ರು. ಊರೋರೆಲ್ಲ ಟೇಸನ್ ಮುಂದೆ ಕೂತ್ಕತೀವಿ ಅಂತವ್ರಂತೆ."

"ಸಾಯಂಕಾಲಕ್ಕೆ ಇನ್ನೂ ಹೊತ್ತಿದೆ, ಮಾದಣ್ಣ."

"ಒತ್ತು ಅದೆ ಮೇಡಂ. ಊರೋರಿಗೆ ತಾಳ್ಮೆ ಇಲ್ಲ."

* * *

ಮನೆಯ ಹಿಂದಿನ ಕೊಟ್ಟಿಗೆಯ ಜಗಲಿ. ಒಳಗೆ ಬಂಧುಗಳು ಮಿಂದು ಬರುವ ಗದ್ದಲ. ರೂಪ ಕಂಬಕ್ಕೆ ಒರಗಿ ಕೂತಿದ್ದಳು. ಮೂರು ದಿನದಿಂದ ಅವಳಿಗೆ ಯಾರೂ ಒಂದು ಲೋಟ ಕಾಫಿ ಕೊಟ್ಟಿರಲಿಲ್ಲ ಎಂಬುದು ತುಟಿ ನೋಡಿದರೇ ತಿಳಿಯುತ್ತಿತ್ತು.

ಚೈತ್ರ ತನ್ನ ನೀರಿನ ಬಾಟಲಿ ಕೊಟ್ಟಳು. ರೂಪ ಅರ್ಧ ಕುಡಿದು, ಮೂತಿ ಒರೆಸಿ ವಾಪಸ್ ಇಟ್ಟಳು.

"ಭಾನುವಾರ ಸಾಯಂಕಾಲದ್ದು ಇನ್ನೊಂದ್ಸಲ ಹೇಳಿ."

"ದೀಪ ಅಚ್ಚೋ ಒತ್ತು ಮೇಡಂ. ಮಾವ ಬಂದು ಗುಳಿಗೆ ಕೊಡವ್ವ ಅಂದ್ರು. ಉಪ್ಪೆಸ್ರು ಆಗದೆ, ಮುದ್ದೆ ಕಟ್ತೀನಿ, ಉಂಡ್ಬುಟ್ಟು ತಕಳಿ ಅಂದೆ. ಬ್ಯಾಡ, ಈಗ್ಲೇ ಕೊಡು ಅಂದ್ರು. ನುಂಗುದ್ರು, ನೀರು ಕುಡುದ್ರು, ಟಾರ್ಚ್ ತಕಂಡು ಗದ್ದೆ ಕಡೀಕ್ ಓದ್ರು. ಅಷ್ಟೇ. ಮುದ್ದೆ ಎಸರು ಅಂಗೇ ಇತ್ತು. ಬೆಳಿಗ್ಗೆ ಎಮ್ಮೆಗೆ ಆಕ್ದೆ."

"ಯಾವಾಗಲೂ ಹೀಗೇನಾ? ಊಟಕ್ಕೆ ಮುಂಚೆ?"

"ಇಲ್ಲ. ದಿನಾ ಉಂಡ್ಮೇಲೇ ತಕತಿದ್ದದ್ದು. ಎಲ್ಲೋ ಒಂದೊಂದು ದಿನ ಇಂಗೆ, ಮುಂಚೇನೇ ನುಂಗೋರು. ಅವತ್ತು ಊಟಾನೂ ಬ್ಯಾಡ ಅನ್ನೋರು. ನಾನು ಬೈತಿದ್ದೆ. ಡಾಕ್ಟ್ರೇ ಯೋಳವ್ರೆ, ಎಂಗಾದ್ರೂ ತಕಬೈದು, ಸುಮ್ನಿರು ಅಂತ ನಗಾಡೋರು." ಅವಳು ಚೈತ್ರಳ ಕಡೆ ತಿರುಗಿದಳು. "ಮೇಡಂ, ನಿಜ ಯೋಳ್ಬುಡಿ. ಬರೀ ಒಟ್ಟೆಗೆ ಕೊಟ್ಟಿದ್ದಕ್ಕೇ ಓದ್ರಾ? ನಾನೇ ಕೊಂದ್ನಾ?"

ಆ ಪ್ರಶ್ನೆಗೆ ಉತ್ತರ ಚೈತ್ರಳ ಹತ್ತಿರ ಇತ್ತು. ಬೆಳಿಗ್ಗೆಯೇ ಕೊಳ್ಳೇಗಾಲದ ಡಾಕ್ಟರಿಗೆ ಫೋನ್ ಮಾಡಿದ್ದಳು. ಚಿಕ್ಕಸಿದ್ದಯ್ಯನಿಗೆ ಗುಳಿಗೆ ಬರೆದವರು ಅವರೇ.

"ಇಲ್ಲ ರೂಪ. ನಿಮ್ಮ ಮಾವನ ಡಾಕ್ಟರನ್ನೇ ಕೇಳಿದ್ದೀನಿ. ಇದೇ ಜಾತೀಲಿ ಕೆಲವು ಗುಳಿಗೆನ ಊಟದ ಜೊತೆಗೇ ತಗೋಬೇಕಂತೆ, ಆದರೆ ಇವರಿಗೆ ಬರೆದದ್ದು ಅದಲ್ಲ. ಇದನ್ನ ಉಂಡು ನುಂಗಿದರೂ ಸರಿ, ಉಣ್ಣದೆ ನುಂಗಿದರೂ ಸರಿ. ದಿನಾ ತಪ್ಪದೆ ತಗೊಂಡರೆ ಸಾಕು. ಬರಿಹೊಟ್ಟೆಗೆ ತಗೊಂಡು ಯಾರೂ ಸಾಯಲ್ಲ ಅಂದರು. ಸ್ಟ್ರಿಪ್ಪಿನಲ್ಲಿ ಉಳಿದಿದ್ದ ಗುಳಿಗೆಗಳನ್ನೂ ಕಳಿಸಿ ಅವರಿಗೆ ತೋರಿಸಿದ್ದೀವಿ. ಅವೂ ಸರಿಯಾಗಿವೆ."

ರೂಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳು ಬರಲಿಲ್ಲ. ತಡೆದಿಟ್ಟಿದ್ದ ಉಸಿರು ಮಾತ್ರ ದೊಡ್ಡದಾಗಿ ಹೊರಬಂತು. ಊರು ಕೊಂದವಳು ಅಂದಾಗ ಅವಳೂ ಒಳಗೊಳಗೇ ಅದನ್ನು ನಂಬಿಬಿಟ್ಟಿದ್ದಳು.

ಚೈತ್ರಳಿಗೆ ಮುಂದಿನ ಮಾತು ಆಡಲು ಮನಸ್ಸಿರಲಿಲ್ಲ. ಆದರೂ ಆಡಬೇಕಿತ್ತು.

"ಇನ್ನೊಂದು ವಿಷಯ ಇದೆ. ನಿಮ್ಮ ಮಾವನ ಹೊಟ್ಟೆ ಬರಿದಾಗಿರಲಿಲ್ಲ. ಕೊಯ್ದು ನೋಡಿದ ಡಾಕ್ಟರು ಹೇಳಿದ್ದಾರೆ. ಹೊಟ್ಟೆ ತುಂಬ ಮುದ್ದೆ, ಕುರಿ ಬಾಡು. ಅರಗಿರಲೇ ಇಲ್ಲ. ಉಂಡ ಸ್ವಲ್ಪ ಹೊತ್ತಿಗೇ ಜೀವ ಹೋಗಿದೆ. ಊಟದಲ್ಲಿ ಏನೋ ಸೇರಿತ್ತು ಅನ್ನೋ ಅನುಮಾನದ ಮೇಲೆ ಮೈಸೂರಿಗೆ ಕಳಿಸಿದ್ದಾರೆ."

"ಬಾಡಾ?" ರೂಪ ಕೈ ತೆಗೆದಳು. "ನಮ್ಮನೇಲಿ ಬಾಡು ಬೆಂದು ವರ್ಷ ಆಯ್ತು ಮೇಡಂ! ಡಾಕ್ಟ್ರು ಬ್ಯಾಡ ಅಂದ ದಿನದಿಂದ ಒಲೆ ಮ್ಯಾಲೆ ಇಕ್ಕಿಲ್ಲ. ಅದಕ್ಕೇ ಅಲ್ವಾ ಗೌರತ್ತೆ ನನ್ನ ಜೊತೆ ಮಾತು ಬುಟ್ಟಿರೋದು? ಅಣ್ಣಂಗೆ ಸೊಪ್ಪು ಸದೆ ತಿನ್ಸಿ ಒಣಗಿಸ್ತಾಳೆ ಅಂತ."

ಅಂದಮೇಲೆ ಅವಳಿಗೇ ಅರ್ಥವಾಯಿತು. ಬರಿಹೊಟ್ಟೆಯ ಅಪವಾದ ಕಳಚಿ ಬಿದ್ದ ಜಾಗದಲ್ಲಿ ಅದಕ್ಕಿಂತ ದೊಡ್ಡದು ಬಂದು ಕೂತಿತ್ತು. ಮನೆಯಲ್ಲಿದ್ದವಳು ಅವಳೊಬ್ಬಳೇ. ಮಾವ ಮನೆಯಲ್ಲಿ ಉಣ್ಣಲಿಲ್ಲ ಅನ್ನುವವಳೂ ಅವಳೊಬ್ಬಳೇ.

"ಪ್ರಭು ಎಲ್ಲಿದ್ದರು ಅವತ್ತು?"

"ಕೌದಳ್ಳಿಗೆ ಓಗಿದ್ರು, ಸ್ನೇಹಿತರ ಮನೆಗೆ. ಅಲ್ಲೇ ಮನಗಿದ್ದು ಬೆಳಿಗ್ಗೆ ಬಂದ್ರು. ನಿಮ್ಗೂ ಅಂಗೇ ಬರೆಸವ್ರಲ್ಲ."

"ಅಪ್ಪ ಮಗ ಚೆನ್ನಾಗಿದ್ದರಾ?"

ರೂಪ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಯುಗಾದಿಯಿಂದ ಮಾತಿಲ್ಲ. ಯಾಕೆ ಅಂತ ಇಬ್ರೂ ಯೋಳ್ನಿಲ್ಲ. ಒಂದೇ ಮನೇಲಿ ಮುಖ ತಿರುಗಿಸ್ಕಂಡು ಓಡಾಡೋರು."

"ಕೊನೆ ಪ್ರಶ್ನೆ. ಅವರು ಬರಿಹೊಟ್ಟೆಗೆ ಗುಳಿಗೆ ನುಂಗಿದ್ದನ್ನ ನೀವು ಯಾರಿಗೆಲ್ಲ ಹೇಳಿದ್ರಿ?"

"ಯಾರ್ಗೂ ಇಲ್ಲ. ಈಗ ನಿಮ್ಗೇ ಮೊದ್ಲು ಬಾಯ್ಬುಟ್ಟು ಯೋಳ್ತಿರೋದು. ಮೊನ್ನೆ ನೀವು ಕೇಳ್ದಾಗ್ಲೂ ಗುಳಿಗೆ ಕೊಟ್ಟೆ ಅಂದೆ ಅಷ್ಟೇ. ಎದ್ರಿಕೆ ಆಯ್ತು."

ಚೈತ್ರ ಎದ್ದು ನಿಂತಳು. ಕೊಟ್ಟಿಗೆಯ ಎಮ್ಮೆ ಅವಳನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು.

* * *

ಊರಾಚೆ ನಾಲೆಯ ಏರಿ. ಕಬ್ಬಿನ ಗರಿಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು. ಮಾದಣ್ಣ ಹೊಟ್ಟೆ ಹೊತ್ತುಕೊಂಡು ಹಿಂದೆ ಬರುತ್ತಿದ್ದ.

"ಮಾದಣ್ಣ, ನೀವೂ ಅದೇ ಗುಳಿಗೆ ತಗೋತೀರಲ್ಲ?"

"ತಕತೀನಿ ಮೇಡಂ. ಮನೆಯೋಳು ಬುಡಬೇಕಲ್ಲ."

"ಊಟಕ್ಕೆ ಮುಂಚೆನೋ, ಆಮೇಲೋ?"

"ದಿನಾ ಆಮ್ಯಾಕೆ." ಮಾದಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. ಮುಖದಲ್ಲಿ ಕಳ್ಳನಗೆ. "ಬೀಗರೂಟ ಇದ್ದ ದಿನ ಮಾತ್ರ ಮುಂಚೇನೇ."

"ಅದ್ಯಾಕೆ?"

"ಕಾವಲಿಗೆ ಒಬ್ನ ನಿಲ್ಸಿದಂಗೆ ಮೇಡಂ! ಮುಂದಾಗೇ ನುಂಗ್ಬುಟ್ರೆ ಅವ್ನು ಒಳಗೆ ಓಗಿ ಕೂತ್ಕಂಡಿರ್ತಾನೆ. ಮ್ಯಾಲಿಂದ ಬಾಡು ಬಂತು, ತುಪ್ಪ ಬಂತು, ಬಂದಂಗೆ ಬಂದಂಗೆ ಇಡ್ದು ಕರಗುಸ್ತಾನೆ. ತಿಂದ್ಮೇಲೆ ನುಂಗುದ್ರೆ ಕಳ್ಳ ಓಡೋದ್ಮೇಲೆ ಬಾಗ್ಲು ಆಕ್ದಂಗಲ್ವಾ?"

"ಯಾವ ಡಾಕ್ಟರು ಹೇಳಿದ್ದು ಇದನ್ನ?"

"ಡಾಕ್ಟ್ರು ಎಂಗಾದ್ರೂ ತಕ ಅಂದವ್ರೆ. ಮಿಕ್ಕಿದ್ದು ನಂದೇ." ಅಷ್ಟರಲ್ಲಿ ಚೈತ್ರಳ ಮುಖ ನೋಡಿದ. ನಗು ಅಲ್ಲೇ ನಿಂತಿತು. "ಅಂದ್ರೆ... ಚಿಕ್ಕಸಿದ್ದಯ್ಯನೂ?"

ನಾಲೆಯ ನೀರು ತನ್ನ ಪಾಡಿಗೆ ಹರಿಯುತ್ತಿತ್ತು.

ದೇವರು ಮನುಷ್ಯನಿಗೆ ನಾಲಿಗೆ ಕೊಟ್ಟು, ಅದಕ್ಕೊಂದು ಆಸೆಯನ್ನೂ ಕೊಟ್ಟ. ಆ ಆಸೆಯನ್ನು ಮುಚ್ಚಿಡಲು ಎಷ್ಟು ವಯಸ್ಸಾದರೂ ಮನುಷ್ಯ ಕೂಸಿನ ಹಾಗೆ ಆಟ ಹೂಡುತ್ತಾನೆ. ಮನೆಯಲ್ಲಿ ಉಣ್ಣುವ ದಿನ ಚಿಕ್ಕಸಿದ್ದಯ್ಯ ಉಂಡಮೇಲೆ ಗುಳಿಗೆ ನುಂಗುತ್ತಿದ್ದ. ಬರಿಹೊಟ್ಟೆಗೆ ನುಂಗಿದ ದಿನ ಅವನ ಊಟ ಬೇರೆ ಕಡೆ ಬೇಯುತ್ತಿತ್ತು.

"ಭಾನುವಾರ ಈ ಊರಲ್ಲಿ ಬಾಡು ಎಲ್ಲಿ ಸಿಕ್ಕುತ್ತೆ?" ಚೈತ್ರ ಕೇಳಿದಳು.

"ಅಂಗಡಿ ಎಲ್ಲದೆ ಮೇಡಂ? ಗುಡ್ಡೆ ಬಾಡೇ. ನಾಕು ಮನೆಯೋರು ಸೇರಿ ಒಂದು ಮರಿ ತತ್ತಾರೆ, ಮುತ್ತುಗದೆಲೆ ಮ್ಯಾಲೆ ಗುಡ್ಡೆ ಆಕಿ ಪಾಲು ಮಾಡ್ಕತಾರೆ. ಮನೆಗೊಂದು ಗುಡ್ಡೆ."

"ಈ ಭಾನುವಾರ ಯಾರಾದರೂ ಎರಡು ಗುಡ್ಡೆ ತಗೊಂಡರಾ, ವಿಚಾರಿಸಿ."

ಮಾದಣ್ಣ ಅರಳಿಕಟ್ಟೆಗೆ ಹೋಗಿ, ಬೀಡಿ ಸೇದುತ್ತ ಕೂತಿದ್ದವರ ಜೊತೆ ತಾನೂ ಕೂತು, ಬಾಡಿನ ಮಾತೆತ್ತಿ ಬಂದ. ಬರುವಾಗ ನಡಿಗೆ ಚುರುಕಾಗಿತ್ತು.

"ಒಬ್ರೇ ಮೇಡಂ. ಎರಡು ಗುಡ್ಡೆ. ಮನೇಲಿರೋದು ಒಂದೇ ತಲೆ." ಅವನು ಗದ್ದೆಯ ಅಂಚಿನ ಒಂಟಿ ಹೆಂಚಿನ ಮನೆಯ ಕಡೆ ಕೈ ತೋರಿಸಿದ. "ಪುಟ್ಟಗೌರಮ್ಮ."

ಆ ಮನೆಯಿಂದ ಪಂಪ್‌ಸೆಟ್ ಮನೆಗೆ ಕೂಗಿದರೆ ಕೇಳಿಸುವಷ್ಟು ದೂರ.

* * *

ಪುಟ್ಟಗೌರಮ್ಮ ಆಗತಾನೆ ಮಿಂದು ಬಂದು ತಲೆ ಒರೆಸಿಕೊಳ್ಳುತ್ತಿದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗೋಡೆಯ ಮೇಲೆ ಬೆಟ್ಟದ ದೇವರು ಮಾದಪ್ಪನ ಪಟ, ಅದರ ಕೆಳಗೆ ಆರಿದ ದೀಪ. ಚೈತ್ರ ಮಾದಣ್ಣನನ್ನು ಏರಿಯ ಮೇಲೇ ನಿಲ್ಲಿಸಿ ಒಬ್ಬಳೇ ಒಳಗೆ ಬಂದಳು. ಮೊದಲು ಪಟಕ್ಕೆ ಕೈ ಮುಗಿದಳು.

"ಪರವಾಗಿಲ್ಲ, ಕಾಡೋಳಾದ್ರೂ ದೇವರ ಮ್ಯಾಲೆ ಭಕ್ತಿ ಅದೆ" ಎಂದಳು ಪುಟ್ಟಗೌರಮ್ಮ.

"ಮಾದಪ್ಪ ನಮ್ಮ ಕಾಡಲ್ಲೇ ಅಲ್ವಾ ಅವ್ವ ಇರೋದು? ನಿಮ್ಮೂರಿಗೆ ಆಮೇಲೆ ಬಂದ."

ಮುದುಕಿಯ ತುಟಿ ಒಂದು ಗಳಿಗೆ ಸಡಿಲವಾಗಿ ಮತ್ತೆ ಬಿಗಿದುಕೊಂಡಿತು. "ಬಂದ ಕೆಲ್ಸ ಯೋಳು. ಅವಳನ್ನ ಯಾವಾಗ ಎಳ್ಕಂಡೋಯ್ತೀರಿ?"

"ನಿಮ್ಮ ಅಣ್ಣ ಬರಿಹೊಟ್ಟೆಗೆ ಗುಳಿಗೆ ನುಂಗಿದ್ದರು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೇನು ಯೋಳೋದು? ಊರೆಲ್ಲ ಅಂತದೆ."

"ಊರು ನಿಮ್ಮ ಬಾಯಿಂದ ಕೇಳಿ ಅಂದಿದ್ದು. ಸೋಮವಾರ ಬೆಳಿಗ್ಗೆ ಹೆಣದ ಮುಂದೆ ಮೊದಲು ಕೂಗಿದವರೇ ನೀವು. ನಿಮಗೆ ಯಾರು ಹೇಳಿದ್ದು?"

"ಅವಳೇ ಅಂದ್ಲು."

"ನೀವಿಬ್ಬರೂ ಮಾತಾಡಿ ವರ್ಷ ಆಯ್ತು."

ಒರೆಸುವ ಟವೆಲು ನಿಂತಿತು. ಚೈತ್ರ ದನಿ ಏರಿಸಲಿಲ್ಲ.

"ಗುಳಿಗೆ ಕೊಟ್ಟದ್ದು ರೂಪ. ಅವಳು ಯಾರಿಗೂ ಹೇಳಿಲ್ಲ. ಪ್ರಭು ಕೌದಳ್ಳೀಲಿದ್ದೆ ಅಂತಾರೆ. ಇನ್ನು ಗೊತ್ತಿದ್ದದ್ದು ಗುಳಿಗೆ ನುಂಗಿದ ನಿಮ್ಮ ಅಣ್ಣನಿಗೆ ಮಾತ್ರ. ಅಂದರೆ ನುಂಗಿ ಮನೆಯಿಂದ ಹೊರಟ ಮೇಲೆ ಅವರು ಯಾರಿಗೋ ಹೇಳಿದ್ದಾರೆ. ಆ ಯಾರೋ ಅವರಿಗೆ ಮುದ್ದೆ ಬಾಡು ಇಕ್ಕಿದ್ದಾರೆ. ಭಾನುವಾರ ನೀವು ಎರಡು ಗುಡ್ಡೆ ತಗೊಂಡಿರಿ, ಅವ್ವ. ಒಬ್ಬರೇ ತಿಂದಿರಾ?"

"ಬಾಯ್ಮುಚ್ಚು!" ಪುಟ್ಟಗೌರಮ್ಮ ಕೂಗಿದಳು. ಆದರೆ ಸಮಾಧಿಯ ಹತ್ತಿರ ಕೂಗಿದ ದನಿ ಇದಲ್ಲ. ಇದರ ತಳ ಒಡೆದಿತ್ತು. "ನನ್ನ ಒಡಹುಟ್ಟಿದೋನು ಅವ್ನು. ನಾನ್ಯಾಕೆ..."

"ನೀವು ಅಂತ ನಾನು ಅನ್ನಲಿಲ್ಲ."

ಮುದುಕಿ ಒಲೆಯ ಮುಂದೆ ಕುಸಿದು ಕೂತಳು. ಒಲೆಯಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಆ ಬೂದಿಗೇ ಹೇಳುವಂತೆ ಮಾತಾಡತೊಡಗಿದಳು.

"ಬಾಗ್ಲಲ್ಲೇ ನಿಂತ್ಕಂಡು ನಗಾಡ್ದ. ಗೌರೀ, ಗುಳಿಗೆನ ಬರೀ ಒಟ್ಟೆಗೇ ನುಂಗ್ಬುಟ್ಟು ಬಂದಿವ್ನಿ ಕಣೇ, ಇವತ್ತು ಎಷ್ಟು ಇಕ್ಕುದ್ರೂ ತಡ್ಕತೀನಿ ಅಂದ. ನಾನು ಬೈದೆ. ಬರೀ ಒಟ್ಟೇಲಿ ಔಷ್ದಿ ನುಂಗ್ತಾರಾ, ಆ ನಿನ್ನ ಸೊಸೆಗೆ ಬುದ್ಧಿ ಇಲ್ವಾ ಅಂದೆ. ಸೊಸೆನ ಅನ್ಬ್ಯಾಡ, ಅವಳಿಲ್ದಿದ್ರೆ ನಾನು ಯಾವತ್ತೋ ಓಗಿರ್ತಿದ್ದೆ ಅಂದ. ನಂಗೆ ಒಟ್ಟೆ ಉರೀತು. ಅಷ್ಟು ಮಾಡಿ ಇಕ್ಕೋಳು ನಾನು, ಒಗಳೋದು ಅವಳ್ನ."

"ಆಮೇಲೆ?"

"ಎರಡು ಮುದ್ದೆ ಉಂಡ. ಮೂಳೆ ಚೀಪ್ದ. ನಾನೂ ಅದೇ ಮಡಕೇದೇ ಉಂಡೆ ಕಣವ್ವ. ನಂಗೇನೂ ಆಗ್ನಿಲ್ಲ. ಅವ್ನಿಗೂ ಏನೂ ಆಗ್ನಿಲ್ಲ."

ಚೈತ್ರ ಅವಳೆದುರು ನೆಲದ ಮೇಲೆ ಕೂತಳು. "ಅವನಿಗೂ ಅಂದಿರಿ. ಯಾರಿಗೆ?"

ಪುಟ್ಟಗೌರಮ್ಮ ಕಣ್ಣು ಮುಚ್ಚಿದಳು. ಬಾಯಿಂದ ಬಿದ್ದದ್ದನ್ನು ಮತ್ತೆ ಎತ್ತಿಕೊಳ್ಳಲು ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

"ಅಣ್ಣ ಒಬ್ನೇ ಬರ್ನಿಲ್ಲ" ಎಂದಳು. "ಇಂದುಗುಡೆ, ಅವ್ನ ಬೆನ್ನಿಗೇ, ಪ್ರಭು ಇದ್ದ. ಗದ್ದೆ ಬದೀಲಿ ಸಿಕ್ಕಿ, ಅಪ್ಪ ಇಬ್ರೂ ಓಗುವಾ ಅಂದ್ನಂತೆ. ಆರು ತಿಂಗಳಾದ್ಮೇಲೆ ಮಗ ಬಾಯ್ತುಂಬ ಅಪ್ಪ ಅಂದ ಅಂತ ಅಣ್ಣನ ಕಣ್ಣಲ್ಲಿ ನೀರು. ತಟ್ಟೆ ಇಡ್ಕಂಡು ಅತ್ತ ಕಣವ್ವ. ಅಪ್ಪಂಗೆ ಪ್ರಭುನೇ ಬಡುಸ್ದ. ನನ್ನ ಸೌಟು ಮುಟ್ಟಕ್ಕೂ ಬುಡ್ನಿಲ್ಲ. ಆಮ್ಯಾಕೆ ಇಬ್ರೂ ಪಂಪ್‌ಸೆಟ್ ಕಡೀಕೆ ಓದ್ರು."

"ಸೋಮವಾರ ಬೆಳಿಗ್ಗೆ?"

"ಕತ್ಲು ಅರಿಯೋ ಮುಂಚೆ ಪ್ರಭು ಬಂದು ಬಾಗ್ಲು ಬಡ್ದ. ಅಪ್ಪ ಓಗ್ಬುಟ್ಟ ಅಂದ. ಅತ್ತೆ, ನಿನ್ನ ಮನೇಲಿ ಉಂಡು ಸತ್ತ ಅಂದ್ರೆ ಪೋಲೀಸ್ರು ನಿನ್ನೇ ಎಳ್ಕಂಡೋಯ್ತಾರೆ. ರೂಪ ಬರೀ ಒಟ್ಟೆಗೆ ಗುಳಿಗೆ ಕೊಟ್ಟವ್ಳೆ ಅಲ್ವಾ, ಅದನ್ನೇ ಅನ್ನು, ಊರು ನಂಬ್ತದೆ ಅಂದ. ನಾನೂ..." ಅವಳು ತಲೆ ಎತ್ತಿದಳು. "ನಾನೂ ನಂಬುದೆ ಕಣವ್ವ. ಗುಳಿಗೇನೇ ಕೊಂದಿರ್ತದೆ ಅಂತ ನಂಬುದೆ. ಬ್ಯಾರೆ ಇನ್ಯಾವುದನ್ನ ನಂಬ್ಲಿ?"

ಹೊರಗೆ ಕಬ್ಬಿನ ಗರಿ ಗಾಳಿಗೆ ಸದ್ದು ಮಾಡಿತು.

"ಇದನ್ನ ಎಲ್ಲರ ಮುಂದೆ ಹೇಳಬೇಕು ಅವ್ವ. ಇಲ್ಲದಿದ್ದರೆ ಸಂಜೆ ಆ ಹುಡುಗಿ ಜೈಲಿಗೆ ಹೋಗ್ತಾಳೆ."

"ಪ್ರಭು ನಾನೇ ಎತ್ತಿ ಆಡ್ಸಿದ ಕೂಸು. ನನ್ನ ಕಾಲ್ಮೇಲೆ ಮಲಗ್ಸಿಕೊಂಡು ಮೀಸಿವ್ನಿ. ನಾಳೆ ನಾನು ಸತ್ರೆ ಒಂದಿಡಿ ಮಣ್ಣಾಕೋನು ಅವ್ನೊಬ್ನೇ." ಪುಟ್ಟಗೌರಮ್ಮ ಗೋಡೆ ಹಿಡಿದು ಎದ್ದಳು. "ನಡಿ. ಬತ್ತೀನಿ."

* * *

ಚಿಕ್ಕಸಿದ್ದಯ್ಯನ ಮನೆಯ ಜಗಲಿಯಲ್ಲಿ ಬಂಧುಗಳೆಲ್ಲ ಕೂತಿದ್ದರು. ಪ್ರ‍ಭುಸ್ವಾಮಿ ಒಣಗಿದ ಪಂಚೆ ಉಟ್ಟು ಕಂಬದ ಪಕ್ಕ ನಿಂತಿದ್ದ. ರೂಪ ಅಂಗಳದ ಮೂಲೆಯಲ್ಲಿ, ಎಲ್ಲರಿಂದ ದೂರ.

ಅತ್ತೆ ಪೋಲೀಸಿನವಳ ಜೊತೆ ಬರುವುದನ್ನು ನೋಡಿದ ಕೂಡಲೇ ಪ್ರಭುಸ್ವಾಮಿ ಎಲ್ಲವನ್ನೂ ಲೆಕ್ಕ ಹಾಕಿಕೊಂಡ. ಅವನ ಮುಖದಲ್ಲಿ ಏನೂ ಕದಲಲಿಲ್ಲ. ಕದಲದ ಆ ಮುಖವನ್ನು ಚೈತ್ರ ನೋಡಿದಳು.

"ಭಾನುವಾರ ಸಾಯಂಕಾಲ ನೀವು ಕೌದಳ್ಳೀಲಿ ಇರಲಿಲ್ಲ, ಪ್ರಭುಸ್ವಾಮಿ. ನಿಮ್ಮತ್ತೆ ಮನೇಲಿ ನಿಮ್ಮಪ್ಪನ ಜೊತೆ ಉಂಡಿದ್ದೀರಿ."

ರೂಪ ಮೂಲೆಯಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಯಾರಂದಿದ್ದು?" ಪ್ರಭುಸ್ವಾಮಿಯ ದನಿ ತಣ್ಣಗಿತ್ತು. "ಅತ್ತೆನಾ? ನಿಮ್ಮ ಕಿವಿಲಿ ಒಬ್ರಿಗೇ ಅಂದಿದ್ದು ಯಾವ ಲೆಕ್ಕ ಮೇಡಂ? ಇಲ್ಲಿ ಅನ್ಲಿ. ಚಿನ್ನಸ್ವಾಮಣ್ಣ, ಒಳಗಿಂದ ಕರ್ಪೂರ ತಕಬಾ."

ಆ ಸೀಮೆಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಹೊಡೆದು ಆರಿಸಿ ಹೇಳಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಕೋರ್ಟು ಒಪ್ಪಲಿ ಬಿಡಲಿ, ಊರು ಒಪ್ಪುತ್ತದೆ. ಜಗಲಿಯ ಕಲ್ಲಿನ ಮೇಲೆ ತಟ್ಟೆ ಬಂತು. ಕರ್ಪೂರ ಹೊತ್ತಿತು.

ಪ್ರಭುಸ್ವಾಮಿ ಮುಂದೆ ಬಂದು, "ಮಾದಪ್ಪನಾಣೆ, ಭಾನುವಾರ ನಾನು ಈ ಊರಲ್ಲೇ ಇರ್ಲಿಲ್ಲ" ಎಂದು ಅಂಗೈ ಹೊಡೆದ. ಬೆಂಕಿ ಆರಿತು. ಅವನ ಕಣ್ಣು ಮಿಟುಕಲಿಲ್ಲ.

ಸುಳ್ಳಿನ ಮೇಲೆ ಬಿದ್ದ ಕೈಯನ್ನು ಬೆಂಕಿ ಸುಡಲಿಲ್ಲ. ಮಾದಪ್ಪ ಅವಸರದವನಲ್ಲ. ಮನುಷ್ಯರು ತೀರ್ಪಿಗೆ ಅವಸರ ಮಾಡುವುದು, ಅವನು ಕಾಯುವುದು, ಇದು ಮೊದಲಿನಿಂದಲೂ ನಡೆದು ಬಂದದ್ದು.

ಇನ್ನೊಂದು ಬಿಲ್ಲೆ ಹೊತ್ತಿಸಿದರು.

"ಬಾ ಅತ್ತೆ. ನೀನೂ ಯೋಳು. ಎದ್ರುಕಬ್ಯಾಡ, ಸತ್ಯ ಯೋಳು" ಎಂದ ಪ್ರಭುಸ್ವಾಮಿ. ಆ ದನಿಯಲ್ಲಿ ಅಷ್ಟು ಪ್ರೀತಿ ಇತ್ತು. ಚೈತ್ರ ಒಂದು ಹೆಜ್ಜೆ ಮುದುಕಿಯ ಹತ್ತಿರ ಸರಿದಳು.

ಪುಟ್ಟಗೌರಮ್ಮ ಉರಿಯ ಮೇಲೆ ಅಂಗೈ ಹಿಡಿದಳು. ಹಿಡಿದೇ ನಿಂತಳು. ಕೈ ಕೆಳಗೂ ಬರಲಿಲ್ಲ, ಪಕ್ಕಕ್ಕೂ ಹೋಗಲಿಲ್ಲ.

"ಕೈ ಬೇಯ್ತದೆ ಕಣಮ್ಮೋ!" ಯಾರೋ ಕೂಗಿದರು.

ಅವಳು ಒಮ್ಮೆ ರೂಪಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹಾಗೆಂದು ಕರುಣೆಯೂ ಇರಲಿಲ್ಲ. ಆಮೇಲೆ ಪ್ರಭುವನ್ನು ನೋಡಿದಳು.

"ಇವಳು ಏನೂ ಮಾಡ್ಲಿಲ್ಲ. ಗುಳಿಗೆ ಕೊಲ್ನಿಲ್ಲ" ಎಂದಳು. "ಅಣ್ಣ ನನ್ನ ಮನೇಲಿ ಉಂಡ. ಒಬ್ನೇ ಬಂದ. ಒಬ್ನೇ ಉಂಡ. ನಾನೇ ಬಡುಸ್ದೆ. ಮಾದಪ್ಪನಾಣೆ."

ಅಂಗೈ ಬಿತ್ತು. ಕರ್ಪೂರ ಆರಿತು.

ಜಗಲಿ ಒಮ್ಮೆಲೇ ಗದ್ದಲವಾಯಿತು. ಬೆಳಿಗ್ಗೆ ರೂಪಳಿಗೆ ಬೈದ ಬಾಯಿಗಳೇ ಈಗ ಪುಟ್ಟಗೌರಮ್ಮನ ಕಡೆ ತಿರುಗಿದವು. ಅವುಗಳಿಗೆ ಬೇಕಾಗಿದ್ದದ್ದು ಬಯ್ಯಲು ಒಬ್ಬಳು, ಅಷ್ಟೇ.

"ಅವ್ವ, ನನ್ನ ಹತ್ತಿರ ಹೇಳಿದ್ದು ಇದಲ್ಲ!" ಚೈತ್ರ ಅವಳ ತೋಳು ಹಿಡಿದಳು.

"ನಿನ್ನತ್ರ ಕರ್ಪೂರ ಇರ್ನಿಲ್ಲ." ಪುಟ್ಟಗೌರಮ್ಮ ಬೊಕ್ಕೆ ಎದ್ದ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಾನೇ ನಡೆದು ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು.

ಒಂದು ಸಣ್ಣ ಮಾತು. ಒಬ್ಬನೇ. ಆ ಒಂದು ಮಾತಿನಿಂದ ಮುದುಕಿ ರೂಪಳನ್ನೂ ಬಿಡಿಸಿದ್ದಳು, ಸೋದರಳಿಯನನ್ನೂ ಉಳಿಸಿದ್ದಳು, ತನ್ನನ್ನು ಕಳೆದುಕೊಂಡಿದ್ದಳು. ಅವಳನ್ನು ಬಿಟ್ಟರೆ ಅದು ಸುಳ್ಳೆಂದು ಬಲ್ಲವರು ಅಂಗಳದಲ್ಲಿ ಇಬ್ಬರೇ ಎಂದು ಚೈತ್ರ ಎಣಿಸಿದ್ದಳು. ತಾನು ಮತ್ತು ಪ್ರಭುಸ್ವಾಮಿ.

ಪ್ರಭುಸ್ವಾಮಿ ಹೆಂಡತಿಯ ಹತ್ತಿರ ಹೋದ. ಮೂರು ದಿನದಲ್ಲಿ ಮೊದಲ ಸಲ ಅವಳೊಡನೆ ಮಾತಾಡಿದ.

"ಇನ್ಯಾಕೆ ನಿಂತಿದ್ದೀ? ನಿನ್ನ ಮ್ಯಾಲಿದ್ದದ್ದು ಓಯ್ತಲ್ಲ. ನಡಿ ಒಳಕ್ಕೆ."

ರೂಪ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಗಂಡ ಕೌದಳ್ಳಿಯಲ್ಲಿದ್ದ ಎಂದು ಮೂರು ದಿನ ನಂಬಿದ್ದವಳು ಅವಳು. ಮುದುಕಿ ಚೈತ್ರಳಿಗೆ ಹೇಳಿದ್ದು ಬೇರೆ, ಆಣೆ ಇಟ್ಟು ಹೇಳಿದ್ದು ಬೇರೆ ಎಂಬುದನ್ನು ಅವಳೂ ಕೇಳಿಸಿಕೊಂಡಿದ್ದಳು, ಒಬ್ಬನೇ ಎಂಬ ಮಾತು ಮುಚ್ಚಿದ್ದು ಯಾರನ್ನೆಂದು ಈಗ ಅವಳಿಗೂ ತಿಳಿದಿತ್ತು.

ಅವನು ಅವಳ ಮೊಣಕೈ ಹಿಡಿದ. ಮೆಲ್ಲಗೇ ಹಿಡಿದ.

ಅವಳು ಬಿಡಿಸಿಕೊಂಡಳು. ಒಳಗೆ ಹೋಗಲಿಲ್ಲ. ಅಂಗಳ ದಾಟಿ, ಜಗಲಿಯವರೆಲ್ಲ ನೋಡುತ್ತಿದ್ದಂತೆ, ನೇರವಾಗಿ ಜೀಪಿನ ಹತ್ತಿರ ಬಂದು ಪುಟ್ಟಗೌರಮ್ಮನ ಪಕ್ಕ ಹತ್ತಿ ಕೂತಳು.

"ರೂಪ, ಇಳೀರಿ. ನಿಮ್ಮನ್ನ ಕರ್ಕೊಂಡು ಹೋಗಕ್ಕೆ ಈಗ ನನ್ನ ಹತ್ತಿರ ಯಾವ ಕಾರಣವೂ ಇಲ್ಲ" ಎಂದಳು ಚೈತ್ರ.

"ಕಾರಣ ನಾನು ಕೊಡ್ತೀನಿ." ರೂಪ ಸೀಟಿನ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಜಗಲಿಗೆ ಕೇಳಲಿಲ್ಲ. "ಮಾವನ್ನ ನಾನೇ ಕೊಂದೆ ಅಂತ ಬರ್ಕಳಿ ಮೇಡಂ. ಆ ಮನೆಗೆ ಮಾತ್ರ ಕಳಿಸ್ಬ್ಯಾಡಿ."